ಡಿಸೈನ್ ಕೊನೆ ವರ್ಷ: 'ನಾನು ಹೇಗೆ ಬೆಳೆದೆ' ಅಂತ ನೀವೆಲ್ಲ ಏನು ಬರೆದಿರಿ?

ಪ್ರಶ್ನೆ:
ನಮಸ್ಕಾರ. ನನ್ನದು ಬಿ.ಡೆಸ್ (ಡಿಸೈನ್ ಪದವಿ) ಕೊನೆ ವರ್ಷ, ಪ್ರಾಡಕ್ಟ್ ಡಿಸೈನ್, ಅಂದರೆ ಬಳಸುವ ವಸ್ತುಗಳ ವಿನ್ಯಾಸ. ಊರು ದಾವಣಗೆರೆ, ಓದು ಬೆಂಗಳೂರಿನಲ್ಲಿ. ಪದವಿ ಪ್ರಾಜೆಕ್ಟಿಗೆ ತರಕಾರಿ ಮಾರುವವರ ತಳ್ಳುಗಾಡಿ ತೆಗೆದುಕೊಂಡಿದ್ದೆ. ಡಾಕ್ಯುಮೆಂಟಿನ ಕೊನೆಗೆ 'ಈ ವರ್ಷ ನಾನು ಹೇಗೆ ಬೆಳೆದೆ' ಅಂತ ಎರಡು ಪುಟ ಬರೆಯಬೇಕಂತೆ. ನಿಜ ಹೇಳಬೇಕಂದರೆ ಬೆಳೆದ ಹಾಗೆ ಏನೂ ಅನಿಸುತ್ತಿಲ್ಲ. ಮಡಚುವ ಚಾವಣಿ, ಡ್ರಾಯರ್, ಸೋಲಾರ್ ದೀಪ ಎಲ್ಲ ಮಾಡಿದ್ದೆ. ಗಾಡಿಯ ಅಕ್ಕ ಒಂದೊಂದೇ ಬಿಚ್ಚಿಟ್ಟರು. ಕೊನೆಗೆ ಉಳಿದದ್ದು ತಕ್ಕಡಿ ನೇತುಹಾಕುವ ಒಂದು ಕೊಕ್ಕೆ. ಆರು ತಿಂಗಳಿಗೆ ಒಂದು ಕೊಕ್ಕೆ! ಬ್ಯಾಚಿನವರ ಪೋರ್ಟ್‌ಫೋಲಿಯೋ ನೋಡಿದರೆ ಹೊಟ್ಟೆಯಲ್ಲಿ ಸಂಕಟ. ಮುಗಿಸಿದವರು ನಿಮ್ಮ ಅನುಭವ ಹೇಳುತ್ತೀರಾ?

ಉತ್ತರ 1:
ತಮ್ಮಾ, ನಾನು ವಿಷುಯಲ್ ಕಮ್ಯುನಿಕೇಶನ್, ಮುಗಿಸಿ ನಾಲ್ಕು ವರ್ಷ ಆಯಿತು. ನನ್ನ ಪ್ರಾಜೆಕ್ಟ್ ವಯಸ್ಸಾದವರಿಗೆ ಯಾವ ಮಾತ್ರೆ ಯಾವಾಗ ಅಂತ ತಿಳಿಸುವ ಒಂದು ಚೀಟಿ. ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಅಕ್ಷರವೇ ಬೇಡ ಅನ್ನುವ ಹುಮ್ಮಸ್ಸು. ಕ್ಲಾಸಿನಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಕೊಟ್ಟೆ. ಸೂರ್ಯನ ಮೇಲೆ ಬೆರಳಿಟ್ಟು 'ಇದನ್ನ ಬಿಸಿಲಲ್ಲಿ ಇಡಬೇಕೇನೇ?' ಅಂದರು. ಅಲ್ಲಿಗೆ ಮೂರು ತಿಂಗಳ ಕೆಲಸ ಮುಗಿಯಿತು.

ಸರಿ, ಅಕ್ಷರದಲ್ಲೇ ಬರೆಯೋಣ ಅಂತ ಕೂತೆ. ಅಲ್ಲಿ ಶುರುವಾಯಿತು ನೋಡು ನಿಜವಾದ ಪಾಡು. ಪುಟ ಕಟ್ಟುವ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ ಶೇ. 120, ಅಂದರೆ 10 ಪಾಯಿಂಟ್ ಗಾತ್ರದ ಅಕ್ಷರಕ್ಕೆ 12 ಪಾಯಿಂಟ್ ಅಂತರ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ 'ಮಧ್ಯಾಹ್ನ' ಅನ್ನುವುದರ ಒತ್ತುಗಳು ಕೆಳಗಿನ ಸಾಲಿನ 'ರಾತ್ರಿ'ಯ ಗುಡಿಸಿಗೆ ಹೋಗಿ ಗುದ್ದುತ್ತವೆ. ಅಕ್ಷರ ಸಣ್ಣದಾದರೆ ಇನ್ನೊಂದು ಕಷ್ಟ, 'ಧ'ದ ಕೆಳಗಿನ ಸೀಳು ಮಸಿ ತುಂಬಿ ಮುಚ್ಚಿಹೋಗಿ 'ಔಷಧ' ಸುಮ್ನೆ 'ಔಷದ' ಆಗಿಬಿಡುತ್ತದೆ. ನನಗೆ ಬಂದ ಮಾಹಿತಿಯೆಲ್ಲ ಹಳೆ ಫಾಂಟಿನಲ್ಲಿ ಟೈಪ್ ಆಗಿತ್ತು, ಯೂನಿಕೋಡಿಗೆ ಹಾಕಿದ ಕೂಡಲೇ ಬರೀ ಗಜಿಬಿಜಿ, ಅದನ್ನು ಕನ್ವರ್ಟ್ ಮಾಡಬೇಕು ಅನ್ನುವುದೂ ನನಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಹೇಳಿಕೊಟ್ಟವರು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುವ ಒಬ್ಬರು. 'ಹತ್ತಕ್ಕೆ ಹದಿನಾರು ಕೊಡಿ ಮೇಡಂ, ಒತ್ತಕ್ಷರಕ್ಕೂ ಉಸಿರಾಡೋಕೆ ಜಾಗ ಬೇಕಲ್ವಾ' ಅಂದರು. ಆ ಮಾತನ್ನು ಹಾಗೇ ಡಾಕ್ಯುಮೆಂಟಿನಲ್ಲಿ ಹಾಕಿದೆ.

ನಾನು ಪಿಯುಸಿ ಆದಮೇಲೆ ಕನ್ನಡದಲ್ಲಿ ನೆಟ್ಟಗೆ ಒಂದು ಪುಟ ಓದಿರಲಿಲ್ಲ. ಡಿಸೈನ್ ಅಂದರೆ ಇಂಗ್ಲಿಷಿನಲ್ಲಿ ಯೋಚಿಸಿ ಆಮೇಲೆ ಕನ್ನಡಕ್ಕೆ ತಿರುಗಿಸುವುದು ಅಂತಲೇ ತಿಳಿದಿದ್ದೆ. ಈಗ ಮೊದಲ ಸ್ಕೆಚ್ಚೇ ಕನ್ನಡದಲ್ಲಿ ಬರೆಯುತ್ತೇನೆ. ಇದನ್ನು ಬೆಳವಣಿಗೆ ಅನ್ನಬಹುದೋ ಇಲ್ಲವೋ, ಬದಲಾವಣೆ ಅಂತೂ ಹೌದು. ನನ್ನ ಎರಡು ಪುಟದಲ್ಲಿ ಇದ್ದದ್ದು ಮೂರು ಚೀಟಿಗಳ ಫೋಟೋ, ಪ್ರತಿಯೊಂದರ ಕೆಳಗೆ ಅಜ್ಜಿ ಹೇಳಿದ ಮಾತು. ಅಷ್ಟೇ.

ಉತ್ತರ 2:
ನಾನೂ ಪ್ರಾಡಕ್ಟ್. ನಿನ್ನ ಕೊಕ್ಕೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ. ನಾನು ಚನ್ನಪಟ್ಟಣಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಹಕ್ಕಿ ಗೊಂಬೆ ರೆಡಿ ಇತ್ತು. ಮೊದಲ ಹನ್ನೆರಡು ಸ್ಲೈಡು ಟಿಪ್ಪು ಕಾಲದ ಕಥೆ, ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಜಿಐ ಟ್ಯಾಗು, ಗೊಂಬೆಗೆ ಬಳಸುವ ಆಲೆ ಮರದ ಗುಣಗಾನ. ಮರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ಕೂತಿದ್ದ ಚಾಚಾ ಚಿತ್ರ ನೋಡಿ 'ಇದರ ಮೂಲೆ ಎಲ್ಲಿಂದ ತರಲಿ ಬೇಟಾ?' ಅಂದರು. ಹೌದಲ್ವಾ, ತಿರುಗುವ ಮರಕ್ಕೆ ಉಳಿ ಹಿಡಿದರೆ ಬರುವುದು ದುಂಡಗಿನ ಆಕಾರ. ಚೌಕ ಎಲ್ಲಿಂದ ಬರಬೇಕು? ನಾಲ್ಕು ವರ್ಷ ಓದಿದವನಿಗೆ ಇದು ಹೊಳೆದಿರಲಿಲ್ಲ.

ಒಂಬತ್ತು ದಿನ ಪಕ್ಕದಲ್ಲಿ ಕೂತೆ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿದುಕೊಳ್ಳುತ್ತದೆ, ಆಮೇಲೆ ತಾಳೆಗರಿಯಲ್ಲಿ ಒತ್ತಿ ಹೊಳಪು ಕೊಡುತ್ತಾರೆ. ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ಎಷ್ಟು ಒತ್ತಬೇಕು ಅನ್ನುವುದು ಕೈಗೆ ಮಾತ್ರ ಗೊತ್ತು. ನನ್ನ ಕೈಯಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಕೂತಿತು, ಆ ಕೆಟ್ಟ ಗೊಂಬೆ ಈಗಲೂ ಮೇಜಿನ ಮೇಲಿದೆ. ಜ್ಯೂರಿಯಲ್ಲಿ, ಅಂದರೆ ಪ್ರಾಜೆಕ್ಟ್ ನೋಡಿ ಅಂಕ ಕೊಡುವವರ ಮುಂದೆ, ಅದನ್ನೇ ಮೊದಲು ತೋರಿಸಿದೆ. ಅದಕ್ಕೂ ಮುಂಚೆ ನಾನು ಎಂಥವನು ಅಂದರೆ, ಯಾರಾದರೂ ತಪ್ಪು ತೋರಿಸಿದರೆ ಅವರ ವಾಕ್ಯ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದೆ. ಜ್ಯೂರಿಯಲ್ಲಿ ಪೆನ್ನು ಹಿಡಿದು ಬರೆದುಕೊಳ್ಳುತ್ತಾ ಕೂತಿದ್ದು ಅದೇ ಮೊದಲು.

ಉತ್ತರ 3:
ದೊಡ್ಡ ಮಾತು ಬರಲ್ಲ ನನಗೆ. ಕೊನೆ ವರ್ಷ ನಾನು ಕಲಿತದ್ದು, ಬೈಂಡಿಂಗಿನವರಿಗೆ ಮೂರು ದಿನ ಮುಂಚೆ ಫೈಲ್ ಕೊಡಬೇಕು. ಮತ್ತೆ ದುಡ್ಡು. ಮಾಡೆಲ್, ಪ್ರಿಂಟು, ಓಡಾಟದ ಖರ್ಚಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಮೊದಲ ಸಲ ಅಪ್ಪನ ಹತ್ತಿರ ಲೆಕ್ಕ ಬರೆದು ಕೇಳಿದೆ. ಅದಕ್ಕೆ ಮುಂಚೆ ಅವರಿಗೆ ನಾನು ಓದುತ್ತಿರುವುದೇನು ಅಂತ ಹೇಳಬೇಕಾಯಿತು. 'ಅಂದ್ರೆ ಬೋರ್ಡ್ ಬರಿಯೋದಾ?' ಅಂದರು. ಒಂದು ಗಂಟೆ ಫೋನಿನಲ್ಲಿ ವಿವರಿಸಿದೆ. ಗೈಡಿಗೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಉತ್ತರ 4:
ನಾನು ಪಾಠ ಮಾಡುವ ಕಡೆಯವಳು, ಪ್ರತಿ ವರ್ಷ ಈ ಎರಡು ಪುಟಗಳನ್ನು ರಾಶಿ ಓದುತ್ತೇನೆ. ಮುಕ್ಕಾಲು ಪಾಲು ಒಂದೇ ಥರ. 'ಸಹಾನುಭೂತಿ ಕಲಿತೆ, ತಾಳ್ಮೆ ಕಲಿತೆ, ನನ್ನ ಸುರಕ್ಷಿತ ವಲಯದಿಂದ ಹೊರಬಂದೆ.' ಹೆಸರು ತೆಗೆದರೆ ಯಾರದ್ದು ಅಂತ ಗೊತ್ತಾಗುವುದಿಲ್ಲ. ನೀವು ಕೇಳಿದ್ದಕ್ಕೆ ನನ್ನ ಸಲಹೆ ಇದು. ಮೊದಲ ವಾರ ಬರೆದ ಬ್ರೀಫ್ (ಏನು ಮಾಡಬೇಕು, ಯಾಕೆ ಅನ್ನುವ ಟಿಪ್ಪಣಿ) ಹುಡುಕಿ, ಕೊನೆಯದರ ಪಕ್ಕ ಇಡಿ. ಎಲ್ಲೆಲ್ಲಿ ಶಬ್ದ ಬದಲಾಗಿದೆ ನೋಡಿ, ಅದು ಯಾವ ದಿನ, ಯಾರ ಮಾತಿನಿಂದ ಬದಲಾಯಿತು ಅಂತ ಬರೆಯಿರಿ. ಗೈಡಿಗೆ ಕಳಿಸಿದ ವಾಟ್ಸಾಪ್ ಮೆಸೇಜು ಕೂಡ ದಾಖಲೆಯೇ. ಬಿಚ್ಚಿಟ್ಟ ಡ್ರಾಯರಿನ ಫೋಟೋ ಇದ್ದರೆ ದಯವಿಟ್ಟು ಹಾಕಿ. ವಿದ್ಯಾರ್ಥಿಗಳು ಅದನ್ನೇ ಮೊದಲು ಡಿಲೀಟ್ ಮಾಡುತ್ತಾರೆ, ನಾನು ಹುಡುಕುವುದು ಅದನ್ನೇ. ಇನ್ನೊಂದು ವಿಷಯ, ಏನೂ ಬೆಳೆದಿಲ್ಲ ಅನಿಸಿದರೆ ಹಾಗೇ ಬರೆಯಿರಿ. ಸುಳ್ಳು ಉತ್ಸಾಹಕ್ಕೆ ನಾನು ಜಾಸ್ತಿ ಅಂಕ ಕೊಟ್ಟಿದ್ದು ನೆನಪಿಲ್ಲ.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಹೇಳಿದ ಹಾಗೆ ಹಳೆ ಬ್ರೀಫ್ ತೆಗೆದೆ. ಮೊದಲ ಸಾಲಿನಲ್ಲೇ 'ಬೀದಿ ವ್ಯಾಪಾರಿಗಳ ಬದುಕು ಸುಧಾರಿಸುವ ಗಾಡಿ' ಅಂತ ಬರೆದಿದ್ದೆ. ಓದಿ ಮುಖ ಮುಚ್ಚಿಕೊಂಡೆ. ಕೊನೆಯದರಲ್ಲಿ 'ಬಲಗೈಯಲ್ಲಿ ತೂಗುವಾಗ ಎಡಗೈ ಚೀಲ ಹಿಡಿಯಲು ಖಾಲಿ ಇರಬೇಕು' ಅಂತಿದೆ. ಇದು ಯಾವಾಗ ಬದಲಾಯಿತು ಅಂತ ಮೆಸೇಜುಗಳಲ್ಲಿ ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಗಾಡಿ ಅಕ್ಕ ಫೋನ್ ಮಾಡಿದರು. ಪಕ್ಕದ ಗಾಡಿಯವರಿಗೂ ಅಂಥದ್ದೇ ಕೊಕ್ಕೆ ಬೇಕಂತೆ, ಆದರೆ ಅವರು ಎಡಗೈಯವರು. ನಾಳೆ ಬೆಳಿಗ್ಗೆ ವೆಲ್ಡಿಂಗ್ ಅಂಗಡಿಗೆ ಹೋಗಬೇಕು. ಎರಡು ಪುಟ ಇನ್ನೂ ಖಾಲಿ ಇದೆ.