ಪದ ಬೇಕು: ಲಿಗ್ನಿನ್ ತೆಗೆದ ಬ್ಲ್ಯಾಕ್ ಲಿಕರ್ ‘ತೆಳು’ವೋ ‘ಗಟ್ಟಿ’ಯೋ?

ಎಲ್ಲರಿಗೂ ನಮಸ್ಕಾರ.

ಕಾಗದದ ಕಾರ್ಖಾನೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಾಲದೆ ನಿಂತಿದ್ದೇನೆ.

ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ, ಒತ್ತಡದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ನಾರುಗಳನ್ನು ಬೆಸೆದಿದ್ದ ಲಿಗ್ನಿನ್ ಕರಗುತ್ತದೆ. ನಾರು ತೆಗೆದ ಮೇಲೆ ಉಳಿಯುವ ಕಡುಗಪ್ಪು ದ್ರವವೇ ಬ್ಲ್ಯಾಕ್ ಲಿಕರ್. ಕಾರ್ಖಾನೆಯೊಳಗೆ ಬರೀ ‘ಲಿಕರ್’ ಅಂದರೆ ಸಾಕು. ಹೊರಗೆ ಅದನ್ನೇ ‘ಕಪ್ಪು ಮದ್ಯ’ ಅಂತ ಮಾಡಿದರೆ ಅಬಕಾರಿಯವರು ಬಂದಾರು. ಹುರುಳಿ ಬೇಯಿಸಿ ಬಸಿದದ್ದು ‘ಕಟ್ಟು’ ತಾನೇ, ಇದು ‘ಕರಿಗಟ್ಟು’ ಆಗಬಹುದು ಅನ್ನಿಸಿತು. ಆದರೆ ಹೆಪ್ಪುಗಟ್ಟು, ಮಡುಗಟ್ಟು ಇವುಗಳ ಸಾಲಿನಲ್ಲಿ ಅದೂ ಕ್ರಿಯಾಪದದಂತೆ ಕೇಳುತ್ತದೆ. ಸದ್ಯಕ್ಕೆ ಬ್ಲ್ಯಾಕ್ ಲಿಕರ್ ಎಂದೇ ಇಟ್ಟಿದ್ದೇನೆ, ನನಗೇನೂ ಬೇಸರವಿಲ್ಲ.

ನಿಜವಾದ ತೊಡಕು ಮುಂದಿದೆ. ಈ ದ್ರವವನ್ನು ಇಂಗಿಸಿ ರಿಕವರಿ ಬಾಯ್ಲರ್‌ನಲ್ಲಿ ಉರಿಸುತ್ತಾರೆ. ಹಬೆಯೂ ಸಿಗುತ್ತದೆ, ಸೋಡಿಯಂ ಗಂಧಕಗಳೂ ವಾಪಸು ಬರುತ್ತವೆ. ಬಾಯ್ಲರ್ ಎಷ್ಟು ಲಿಕರ್ ಉರಿಸಬಲ್ಲದೋ ಅಷ್ಟೇ ಪಲ್ಪ್ (ಕಾಗದದ ನಾರಿನ ಮುದ್ದೆ) ಮಾಡಲು ಸಾಧ್ಯ. ಆ ಹೊರೆ ಇಳಿಸಲು ಲಿಗ್ನಿನ್‌ನ ಒಂದು ಪಾಲನ್ನು ಮೊದಲೇ ತೆಗೆದುಬಿಡುವ ಉಪಾಯವಿದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಲಿಗ್ನೋಬೂಸ್ಟ್ ವಿಧಾನ 2013ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ, 2015ರಲ್ಲಿ ಫಿನ್ಲೆಂಡಿನ ಸುನಿಲಾದಲ್ಲಿ ಶುರುವಾಯಿತು. ಸುಮಾರು 40% ಘನಾಂಶಕ್ಕೆ ಇಂಗಿಸಿದ ಲಿಕರ್‌ಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪಿಎಚ್ 10ರ ಆಸುಪಾಸಿಗೆ ಇಳಿಸಿದರೆ ಲಿಗ್ನಿನ್ ಪ್ರಕ್ಷೇಪವಾಗುತ್ತದೆ, ಅಂದರೆ ಘನವಾಗಿ ದ್ರವದಿಂದ ಬೇರ್ಪಡುತ್ತದೆ. ಅದನ್ನು ಸೋಸಿ, ಗಂಧಕಾಮ್ಲ ಬೆರೆಸಿ ತೊಳೆಯುತ್ತಾರೆ. ಉಳಿದ ದ್ರವ ಮತ್ತೆ ಇಂಗಿಸುವ ಪಾತ್ರೆಗಳಿಗೆ ಹೋಗುತ್ತದೆ.

ಹಾಗೆ ಉಳಿದದ್ದನ್ನು ಹೇಗೆ ಬಣ್ಣಿಸುವುದು? ಘನಾಂಶ ಅಷ್ಟೇ ಇಟ್ಟು ಹೋಲಿಸಿದರೆ ಇದು ಮೊದಲಿಗಿಂತ ಸಲೀಸಾಗಿ ಹರಿಯುತ್ತದೆ, ಏಕೆಂದರೆ ಹರಿವನ್ನು ತಡೆಯುತ್ತಿದ್ದ ದೊಡ್ಡ ಅಣುಗಳು ಕಡಿಮೆಯಾಗಿವೆ. ‘ತೆಳುವಾಯಿತು’ ಎಂದರೆ ಓದುಗರು ನೀರು ಹೆಚ್ಚಿತು ಎಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಲವಣಗಳ ಪಾಲು ಏರಿರುವುದರಿಂದ ಲೀಟರಿನ ತೂಕ ಹೆಚ್ಚುತ್ತದೆ. ಅಂದರೆ ಹರಿವಿನಲ್ಲಿ ತೆಳು, ತೂಕದಲ್ಲಿ ಗಟ್ಟಿ! ‘ಸಾಂದ್ರತೆ’ ಎನ್ನೋಣವೆಂದರೆ ಆ ಪದವನ್ನು ತೂಕಕ್ಕೂ ಬಳಸುತ್ತೇವೆ, ಕರಗಿರುವ ಪ್ರಮಾಣಕ್ಕೂ ಬಳಸುತ್ತೇವೆ. ಇಲ್ಲಿ ಒಂದು ಬದಲಾಗಿದೆ, ಇನ್ನೊಂದು ಇಲ್ಲ. ಹರಿವಿಗೆ ದ್ರವ ಒಡ್ಡುವ ತಡೆಗೆ (ವಿಸ್ಕಾಸಿಟಿ) ‘ಸ್ನಿಗ್ಧತೆ’ ಎಂಬುದು ಪಠ್ಯಪುಸ್ತಕದ್ದು, ಸರಿ. ಆದರೆ ಕಾವ್ಯ ಓದುವವರಿಗೆ ಸ್ನಿಗ್ಧ ಅಂದರೆ ನಯ, ಒಲವು. ನನ್ನ ಒಲವು ‘ಮಂದ’ದ ಕಡೆಗಿದೆ: ಮಂದವಾದ ಮಜ್ಜಿಗೆ ಎನ್ನುತ್ತೇವೆ, ನಿಧಾನ ಎಂಬ ಅರ್ಥವೂ ಅದರಲ್ಲೇ ಇದೆ. ‘ಮಂದತೆ ಇಳಿಯಿತು’ ನಿಮ್ಮ ಕಿವಿಗೆ ಒಪ್ಪುತ್ತದೆಯೇ?

ಇನ್ನು ಈ ದ್ರವಕ್ಕೇ ಒಂದು ಹೆಸರು ಬೇಕು. ಒಣ ಲಿಗ್ನಿನ್ ಕಿಲೋಗೆ ಸುಮಾರು 26 ಮೆಗಾಜೂಲ್ ಶಾಖ ಕೊಟ್ಟರೆ, ಬ್ಲ್ಯಾಕ್ ಲಿಕರ್‌ನ ಘನಾಂಶ ಕೊಡುವುದು ಅದರ ಅರ್ಧದಷ್ಟು. ಲಿಗ್ನಿನ್ ಹೋದಷ್ಟೂ ಉರಿಯುವ ಕಸುವು ತಗ್ಗುತ್ತದೆ, ಕುಲುಮೆಯ ಶಾಖವೂ ಇಳಿಯುತ್ತದೆ. ಅದಕ್ಕೆ ‘ಸಪ್ಪೆ ಲಿಕರ್’ ಎಂದು ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಚೆಂದ. ಆದರೆ ಸಪ್ಪೆ ಎಂದರೆ ಉಪ್ಪಿಲ್ಲದ್ದು, ಇಲ್ಲಿ ಹೆಚ್ಚಿರುವುದೇ ಲವಣದ ಪಾಲು! ಲಿಗ್ನಿನ್ ತೊಳೆಯಲು ಬಳಸಿದ ಗಂಧಕಾಮ್ಲವೂ ಇದರೊಂದಿಗೇ ಮರಳುವುದರಿಂದ ಗಂಧಕ ಕೂಡ ಏರುತ್ತದೆ, ಕಾರ್ಖಾನೆಯವರು ಅದನ್ನು ಹೊರಹಾಕಿ ಸೋಡಿಯಂ ತುಂಬಿಕೊಳ್ಳಬೇಕಾಗುತ್ತದೆ. ‘ಸಾರರಿಕ್ತ’ವೂ ಆಗದು, ಶಾಲೆಯಲ್ಲಿ ಅದು ನೀರು ಬೆರೆಸಿದ ಆಮ್ಲಕ್ಕೆ ಮೀಸಲು. ‘ಲಿಗ್ನಿನ್ ಕಳೆದ ಲಿಕರ್’ ಸ್ಪಷ್ಟವಾಗಿದೆ, ಆದರೆ ಲಿಗ್ನಿನ್ ಪೂರ್ತಿ ಹೋಗಿರುವುದಿಲ್ಲ.

‘ಲಿಗ್ನಿನ್ ತಗ್ಗಿದ ಲಿಕರ್’ ಎಂದರೆ? ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಗುಂಪಿನಲ್ಲಿದ್ದರೆ, ಪಂಪಿನಲ್ಲಿ ಲಿಕರ್ ಎಳೆಯಲಾಗದಷ್ಟು ಮಂದವಾದಾಗ ಅಲ್ಲಿ ಏನೆನ್ನುತ್ತಿದ್ದಿರಿ ಎಂಬುದನ್ನೂ ತಿಳಿಸಿ.