ಸಹಾಯ ಬೇಕು: ಐಬಿ ಡಿಪ್ಲೊಮಾದಲ್ಲಿ ಕೆಮಿಸ್ಟ್ರಿ ಯಾವ ಲೆವೆಲ್?

ನಮಸ್ಕಾರ, ನಾವು ತೀರ್ಥಹಳ್ಳಿ ಕಡೆಯವರು. ಅಣ್ಣನ ಮಗಳು ಪಿಯುಸಿ ಬದಲು ಬೆಂಗಳೂರಲ್ಲಿ ಐಬಿ ಡಿಪ್ಲೊಮಾ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಅನ್ನೋ ಅಂತರರಾಷ್ಟ್ರೀಯ ಕೋರ್ಸ್) ಸೇರುತ್ತಿದ್ದಾಳೆ. ಎರಡು ವರ್ಷ, ಆರು ವಿಷಯ, ಒಂದೊಂದಕ್ಕೂ 7 ಅಂಕ, ಜೊತೆಗೆ 4,000 ಪದದೊಳಗಿನ ಪ್ರಬಂಧಕ್ಕೂ ಟಿಓಕೆಗೂ (ಥಿಯರಿ ಆಫ್ ನಾಲೆಡ್ಜ್ ಅನ್ನೋ ಕಡ್ಡಾಯ ಪಾಠ) ಸೇರಿ 3, ಒಟ್ಟು 45 ಅನ್ನೋವರೆಗೆ ಅರ್ಥವಾಯಿತು. ಕಲೆಯ ವಿಷಯದ ಬದಲು ಇನ್ನೊಂದು ವಿಜ್ಞಾನ ತಗೊಳ್ಳಬಹುದು, ಹಾಗಾಗಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಮೂರೂ ಸಿಗುತ್ತವೆ. ತೊಡಕು ಇರೋದು ಲೆವೆಲ್‌ನಲ್ಲಿ. ಸಾಮಾನ್ಯವಾಗಿ ಮೂರು ವಿಷಯ ಹೈಯರ್ (ಹೆಚ್ಚು ಆಳವಾಗಿ ಓದೋದು), ಮೂರು ಸ್ಟ್ಯಾಂಡರ್ಡ್. ಅವಳಿಗೆ ಎಕನಾಮಿಕ್ಸ್ ಅಂದ್ರೆ ಪ್ರಾಣ, ಅದನ್ನು ಹೈಯರ್‌ನಲ್ಲೇ ಓದಬೇಕಂತೆ. ಫಾರ್ಮನ್ನು ಪೆನ್ಸಿಲ್‌ನಲ್ಲಿ ತುಂಬಿದ್ದಾಳೆ, ಕೆಮಿಸ್ಟ್ರಿ ಮುಂದಿನ ಚೌಕ ಖಾಲಿ. ಶಾಲೆಯವರು ‘ನಿಮ್ಮಿಷ್ಟ’ ಅಂತಾರೆ, ಶಿವಮೊಗ್ಗದಲ್ಲಿ ವಿಚಾರಿಸಿದರೆ ಗೊತ್ತಿರೋರೇ ಸಿಗಲಿಲ್ಲ. ಕೆಮಿಸ್ಟ್ರಿಗೆ ಜಾಗ ಮಾಡೋಕಂತ ಮಗು ಇಷ್ಟಪಟ್ಟ ವಿಷಯವನ್ನು ಹೈಯರ್‌ನಿಂದ ಸುಮ್ನೆ ಬಿಡಿಸೋಕೆ ಮನಸ್ಸಿಲ್ಲ.

ಸಿಇಟಿ ಬರೆದು ಕರ್ನಾಟಕದಲ್ಲೇ ಇಂಜಿನಿಯರಿಂಗ್ ಸೇರೋಕೆ ಕೆಮಿಸ್ಟ್ರಿ ಸ್ಟ್ಯಾಂಡರ್ಡ್ ಲೆವೆಲ್ ಸಾಕಾ, ಹೈಯರ್ರೇ ಬೇಕಾ? ಐಬಿ ಓದಿ ಇಲ್ಲೇ ಸೀಟು ತಗೊಂಡವರು ದಯವಿಟ್ಟು ಹೇಳಿ.