ಮೈಸೂರಿನಲ್ಲಿ ನಂಬಿ ತರಬಹುದಾದ ಸಾವಯವ ತರಕಾರಿ, ಅಕ್ಕಿ, ಬೆಲ್ಲ ಎಲ್ಲಿ ಸಿಗುತ್ತೆ?

ಶ್ವೇತಾ, ಕುವೆಂಪುನಗರ:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಈಗ ಮೈಸೂರಿನಲ್ಲಿ ಮನೆ ಮಾಡಿದ್ದೇವೆ. ಚಿಕ್ಕ ಮಗು ಇದೆ, ಅತ್ತೆಯವರಿಗೆ ಶುಗರ್ ಇದೆ. ಔಷಧಿ ಹೊಡೆಯದ ತರಕಾರಿ, ಸೊಪ್ಪು, ಪಾಲಿಷ್ ಮಾಡದ ಅಕ್ಕಿ, ಒಳ್ಳೆ ಬೆಲ್ಲ ಬೇಕು. ಅಂಗಡಿಯಲ್ಲಿ ಆರ್ಗ್ಯಾನಿಕ್ ಅಂತ ಬೋರ್ಡ್ ಇರುತ್ತೆ, ರೇಟೂ ಜಾಸ್ತಿ, ಆದರೆ ಇದನ್ನು ಬೆಳೆದವರು ಯಾರು ಅಂತ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ. ದೇವರಾಜ ಮಾರುಕಟ್ಟೆಗೂ ಹೋಗ್ತೀನಿ, ಎಂ.ಜಿ. ರಸ್ತೆ ಮಾರುಕಟ್ಟೆಗೂ ಹೋಗ್ತೀನಿ. ಅಲ್ಲಿ ಯಾವುದು ಏನು ಅಂತ ತಿಳಿಯೋದು ಹೇಗೆ? ಎಲೆಯಲ್ಲಿ ತೂತಿದ್ದರೆ ಔಷಧಿ ಹೊಡೆದಿಲ್ಲ ಅಂತಾರಲ್ಲ, ನಿಜಾನಾ?

ರವಿ, ಬನ್ನೂರು ಹತ್ತಿರ:
ಮೇಡಂ, ತೂತು ನೋಡಿ ತೀರ್ಮಾನ ಮಾಡಬೇಡಿ. ಹುಳ ಬಿದ್ದ ಮೇಲೆ ಔಷಧಿ ಹೊಡೆದಿದ್ದರೂ ತೂತು ಹಾಗೇ ಇರುತ್ತೆ.

ನಾನು ಭತ್ತ, ಸೊಪ್ಪು, ಸ್ವಲ್ಪ ತರಕಾರಿ ಬೆಳೀತೀನಿ, ಅದಕ್ಕೇ ಹೇಳ್ತಿದ್ದೀನಿ. ಎಂ.ಜಿ. ರಸ್ತೆ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋಗಿ. ಸುತ್ತಲ ಹಳ್ಳಿಯವರು ತಾವೇ ಕಿತ್ತ ಸೊಪ್ಪನ್ನು ಕಟ್ಟು ಕಟ್ಟಿ ತಂದಿರುತ್ತಾರೆ. ಅವರೆಲ್ಲ ಸಾವಯವ ಅಂತಲ್ಲ, ಆದರೆ ಬೆಳೆದವರೇ ಎದುರಿಗೆ ಕೂತಿದ್ದರೆ ಕೇಳಬಹುದು. 'ಔಷಧಿ ಹೊಡೀತೀರಾ' ಅಂತ ಕೇಳಿದರೆ ಯಾರಾದರೂ ಇಲ್ಲ ಅಂತಲೇ ಹೇಳ್ತಾರೆ. 'ಹುಳ ಬಿದ್ದರೆ ಏನು ಮಾಡ್ತೀರಿ, ಜೀವಾಮೃತಕ್ಕೆ ಏನೇನು ಹಾಕ್ತೀರಿ' ಅಂತ ಕೇಳಿ. ಜೀವಾಮೃತ ಅಂದರೆ ರೈತರು ತಾವೇ ಮಾಡಿಕೊಳ್ಳುವ ದ್ರವ ಗೊಬ್ಬರ, ಮಾಡುವವರಿಗೆ ಅದು ಬಾಯಿಪಾಠ: 200 ಲೀಟರ್ ನೀರಿಗೆ 10 ಕೆ.ಜಿ. ನಾಟಿ ಹಸುವಿನ ಸಗಣಿ, 10 ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ಕಡಲೆ ಹಿಟ್ಟೋ ಹುರುಳಿ ಹಿಟ್ಟೋ, ಒಂದು ಹಿಡಿ ಬದುವಿನ ಮಣ್ಣು. ಸೊಪ್ಪಿಗೆ ಯಾವ ನೀರು ಹಾಯಿಸ್ತಾರೆ ಅಂತಲೂ ಕೇಳಿ. ಊರ ಹತ್ತಿರ ಕೆಲವು ಕಡೆ ಚರಂಡಿ ನೀರಲ್ಲಿ ಬೆಳೆಯೋದುಂಟು, ಮಗು ತಿನ್ನುವ ಮನೆಗೆ ಅದು ಬೇಡ.

ಭತ್ತದ ವಿಷಯ ಬೇರೆ. ನಾಲೆ ಬಯಲಲ್ಲಿ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯುತ್ತೆ. ಮೇಲಿನವರು ಯೂರಿಯಾ ಎರಚಿದರೆ ನಮ್ಮ ಗದ್ದೆಗೂ ಬರುತ್ತೆ. ಅದಕ್ಕೇ ನಾವು ಕಾಲುವೆಯಿಂದ ಬೇರೆ ಬಾಯಿ ಮಾಡಿಕೊಂಡು, ಪಕ್ಕದ ನೀರು ನುಗ್ಗದ ಹಾಗೆ ಬದು ಎತ್ತರಿಸ್ತೀವಿ. ಇದನ್ನೂ ಕೇಳಿ ನೋಡಿ, ನಿಜವಾಗಿ ಮಾಡುವವನು ನಿಲ್ಲಿಸದೆ ಮಾತಾಡ್ತಾನೆ.

ಮಂಜುಳಾ, ಸರಸ್ವತಿಪುರಂ:
ಶ್ವೇತಾ, ನಂಜರಾಜ ಬಹದ್ದೂರ್ ಛತ್ರದಲ್ಲಿ ಆಗಾಗ ಮೇಳ ನಡೆಯುತ್ತೆ, ಅದನ್ನು ತಪ್ಪಿಸಬೇಡಿ. ಸಾವಯವ ರೈತರ ಸಂಸ್ಥೆಯಾದ ಸಹಜ ಸಮೃದ್ಧದವರು ಅಲ್ಲಿ ದೇಸಿ ಅಕ್ಕಿ, ಸಿರಿಧಾನ್ಯ, ಗೆಡ್ಡೆ ಗೆಣಸಿನ ಮೇಳ ಮಾಡಿದ್ದಾರೆ. ಬೆಳೆದವರೇ ಬಂದು ಕೂತಿರುತ್ತಾರೆ. ನನ್ನ ಮನೆಗೆ ರಾಜಮುಡಿ ಅಕ್ಕಿ ತಂದುಕೊಡುವವರು ನನಗೆ ಪರಿಚಯ ಆಗಿದ್ದು ಅಲ್ಲೇ. ಒಂದು ಸಲ ಫೋನ್ ನಂಬರ್ ತಗೊಂಡರೆ ಆಮೇಲೆ ಅಂಗಡಿಯ ಹಂಗೇ ಇರಲ್ಲ.

ಪ್ಯಾಕೆಟ್ ತಗೊಳ್ಳೋದಾದರೆ ಸಾವಯವ ಆಹಾರಕ್ಕಿರುವ ಸರ್ಕಾರಿ 'ಜೈವಿಕ್ ಭಾರತ್' ಗುರುತು ನೋಡಿ, 2017ರ ನಿಯಮದಲ್ಲಿ ಬಂದಿದ್ದು. 'ಪಿಜಿಎಸ್ ಗ್ರೀನ್' ಅಂತಿದ್ದರೆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಅಂತ, 'ಪಿಜಿಎಸ್ ಆರ್ಗ್ಯಾನಿಕ್' ಅಂದರೆ ಪೂರ್ತಿ ಆಗಿದೆ ಅಂತ. ಪಿಜಿಎಸ್ ಪದ್ಧತಿಯಲ್ಲಿ ರೈತರ ಗುಂಪಿನವರೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ಒಪ್ಪಬೇಕು. ಆದರೆ ಸಣ್ಣ ರೈತ ತಾನು ಬೆಳೆದಿದ್ದನ್ನು ತಾನೇ ನೇರವಾಗಿ ಗ್ರಾಹಕರಿಗೆ ಮಾರುವಾಗ ಸರ್ಟಿಫಿಕೇಟ್ ಕಡ್ಡಾಯ ಇಲ್ಲ. ಹಾಗಾಗಿ ರವಿಯವರಂಥವರ ಹತ್ತಿರ ಲೇಬಲ್ ಕೇಳಿ ಮುಜುಗರ ಮಾಡಬೇಡಿ.

ಶಿವಲಿಂಗು, ಮಂಡ್ಯ:
ಬೆಲ್ಲದ ವಿಷಯ ನಾನು ಹೇಳ್ತೀನಿ ಅಕ್ಕ. ಹಳದಿಯಾಗಿ ಮಿರಮಿರ ಮಿಂಚುವ ಬೆಲ್ಲ ಮುಟ್ಟಬೇಡಿ, ಅಚ್ಚು ಬೆಲ್ಲ ಆಗಲಿ ಬಕೆಟ್ ಬೆಲ್ಲ ಆಗಲಿ. ಆ ಬಣ್ಣ ಬರಲಿ ಅಂತಲೇ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕೋದು. ಕೆಲವು ಕಡೆ ಸಕ್ಕರೆಯನ್ನೂ ಸುರೀತಾರೆ. ಸರಿಯಾಗಿ ಮಾಡುವ ಆಲೆಮನೆಯಲ್ಲಿ ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಕಿವುಚಿ, ಆ ಲೋಳೆಯನ್ನು ಕೊಪ್ಪರಿಗೆಗೆ ಹಾಕ್ತಾರೆ. ಕಬ್ಬಿನ ಹಾಲು ಕಾಯ್ತಿದ್ದ ಹಾಗೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬರುತ್ತೆ, ಅದನ್ನು ಜಾಲರಿಯಲ್ಲಿ ಎತ್ತಿ ಎಸೀತಾರೆ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣ ಇರುತ್ತೆ. ಮಳೆಗಾಲದಲ್ಲಿ ಬೆವರುತ್ತೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮ ಕಡೆ ಬಂದಾಗ ಆಲೆಮನೆಗೇ ಹೋಗಿ ನಿಂತು ನೋಡಿ, ಯಾರೂ ಬೇಡ ಅನ್ನಲ್ಲ.

ಆದರೆ ಅತ್ತೆಯವರಿಗೆ ಬೆಲ್ಲ ಒಳ್ಳೇದು ಅಂತ ಜಾಸ್ತಿ ಕೊಡಬೇಡಿ. ಎಷ್ಟೇ ಶುದ್ಧ ಆದರೂ ಶುಗರ್ ಏರಿಸುತ್ತೆ.

ಶ್ವೇತಾ, ಕುವೆಂಪುನಗರ:
ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಒಟ್ಟಿಗೆ ಬದಲಾಯಿಸೋಕೆ ನಮ್ಮ ಬಜೆಟ್ ಸಾಲದು. ಯಾವುದರಿಂದ ಶುರು ಮಾಡಲಿ? ದೇಸಿ ಅಕ್ಕಿ ನೋಡೋಕೆ ಹತ್ತಿರದಲ್ಲಿ ಬೇರೆ ಜಾಗ ಇದೆಯಾ?

ಮಂಜುಳಾ, ಸರಸ್ವತಿಪುರಂ:
ದಿನಾ ತಿನ್ನೋದರಿಂದ. ಅಕ್ಕಿ, ರಾಗಿ, ಸೊಪ್ಪು ಮೊದಲು. ತರಕಾರಿಯಲ್ಲಿ ಬದನೆ, ಹೂಕೋಸು, ಎಲೆಕೋಸಿಗೆ ಹುಳ ಜಾಸ್ತಿ, ಔಷಧಿಯೂ ಜಾಸ್ತಿ ಬೀಳುತ್ತೆ. ಒಳ್ಳೇದು ಸಿಗುವ ತನಕ ಅವನ್ನು ಕಡಿಮೆ ಮಾಡಿ. ನುಗ್ಗೆ ಸೊಪ್ಪು, ಬಾಳೆಹೂವು, ಸುವರ್ಣಗೆಡ್ಡೆ ತನ್ನಿ. ಇವಕ್ಕೆ ಔಷಧಿ ಅಷ್ಟಾಗಿ ಹೊಡೆಯಲ್ಲ, ಆರ್ಗ್ಯಾನಿಕ್ ಅಂತ ಹೆಚ್ಚು ದುಡ್ಡು ಕೊಡೋದೂ ಬೇಡ.

ರವಿ, ಬನ್ನೂರು ಹತ್ತಿರ:
ಅಕ್ಕಿ ನೋಡೋಕೆ ಕಿರುಗಾವಲಿಗೆ ಹೋಗಿ ಮೇಡಂ, ಬನ್ನೂರಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲೇ ಸಿಗುತ್ತೆ. ಅಲ್ಲಿ ಸೈಯದ್ ಘನಿ ಖಾನ್ ಅವರು 1000ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿಕೊಂಡು ಬಂದಿದ್ದಾರೆ. ಭತ್ತ ತೆನೆ ಕಟ್ಟಿರುವಾಗ ಹೋದರೆ ಚೆನ್ನ, ಕಪ್ಪು, ಕೆಂಪು, ಹೊಂಬಣ್ಣದ ತೆನೆ ಪಕ್ಕಪಕ್ಕದಲ್ಲೇ ಕಾಣುತ್ತೆ. ಹೋಗುವ ಮುಂಚೆ ಒಂದು ಮಾತು ವಿಚಾರಿಸಿಕೊಳ್ಳಿ. ಪಾಲಿಷ್ ಮಾಡದ ಅಕ್ಕಿಯನ್ನು ಮೊದಲಿಗೆ ಒಂದೆರಡು ಕೆ.ಜಿ. ಮಾತ್ರ ತನ್ನಿ, ಬೇಗ ಹುಳ ಹಿಡಿಯುತ್ತೆ. ರಾತ್ರಿಯೇ ನೆನೆಸಿಡಿ, ಇಲ್ಲದಿದ್ದರೆ ಅಷ್ಟು ಸುಲಭಕ್ಕೆ ಬೇಯಲ್ಲ.